ಕರೆದಾಗ ಬರುವವರು

ದ್ವಿತೀಯ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ನುಡಿಗಟ್ಟುಗಳನ್ನು ಕಲಿಸುವಾಗ ಒಂದರ ಹತ್ತಿರ ನಾನು ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ. ‘ಅಟ್ ಸಮ್‌ವನ್ಸ್ ಬೆಕ್ ಆ್ಯಂಡ್ ಕಾಲ್.’ ಬೆಕ್ ಎಂದರೆ ಸನ್ನೆ: ಬೆರಳು ಮಡಚಿಯೋ ತಲೆಯಾಡಿಸಿಯೋ ಕರೆಯುವುದು. ಕಾಲ್ ಎಂದರೆ ಕೂಗು. ಸನ್ನೆ ಮಾಡಿದರೂ ಸರಿ, ಕೂಗಿದರೂ ಸರಿ, ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ನಿಲ್ಲುವವರ ಬಗ್ಗೆ ಈ ಮಾತು. ಕನ್ನಡದಲ್ಲಿ ಇದಕ್ಕೆ ಏನನ್ನುತ್ತೀರಿ ಎಂದು ಕೇಳಿದರೆ ಬೈಲಹೊಂಗಲದ ಮಕ್ಕಳು ಹಿಂದೆ ಮುಂದೆ ನೋಡುವುದಿಲ್ಲ.

“ತಾಬೇದಾರ್ರಿ ಮೇಡಂ.”

“ನಮ್ಮ ಕಾಕಾರಿ ಮೇಡಂ. ಕಾಕು ಕಣ್ಣು ತಿರುವಿದ್ರ ಸಾಕು, ನೀರಿನ ಕೊಡಾ ಹಿಡಕೊಂಡು ನಿಂತಿರತಾರ.”

ನಗು ಇಳಿದ ಮೇಲೆ ನಾನು ಬಳಕೆಗೆ ಬರುತ್ತೇನೆ. ಅರ್ಥ ಸುಲಭ, ಬಳಕೆ ಕಷ್ಟ. ಇಂಗ್ಲಿಷಿನಲ್ಲಿ ಇದನ್ನು ಬಹುಮಟ್ಟಿಗೆ ಸಿಟ್ಟಿನಿಂದಲೋ ಮರುಕದಿಂದಲೋ ಆಡುತ್ತಾರೆ. ನಾನೇನು ನಿನ್ನ ಬೆಕ್ ಆ್ಯಂಡ್ ಕಾಲ್‌ಗೆ ಇದ್ದೇನೆಯೇ ಎಂದು ಜಗಳದಲ್ಲಿ ಕೇಳುತ್ತಾರೆ. ಅವಳ ಜೀವಮಾನವೆಲ್ಲ ಆ ಮನೆಯವರ ಬೆಕ್ ಆ್ಯಂಡ್ ಕಾಲ್‌ನಲ್ಲೇ ಹೋಯಿತು ಎಂದು ಮತ್ತೊಬ್ಬರ ಬಗ್ಗೆ ಹೇಳುತ್ತಾರೆ. ತನ್ನ ಬಗ್ಗೆ ತಾನೇ, ನಗುತ್ತ, ಹೀಗೆ ಹೇಳಿಕೊಳ್ಳುವುದು ಅಪರೂಪ. ನೆರವಿಗೆ ಬರುತ್ತೇನೆ ಎನ್ನಲು ಅಲ್ಲಿ ಬೇರೆ ಮಾತುಗಳಿವೆ. ಆದರೆ ನಮ್ಮ ಮಕ್ಕಳು ಬೀಳ್ಕೊಡುವ ಸಮಾರಂಭದಲ್ಲಿ ಮೈಕಿನ ಮುಂದೆ ನಿಂತು, ಗುರುಗಳೇ, ನಾವು ಎಂದೆಂದಿಗೂ ನಿಮ್ಮ ಬೆಕ್ ಆ್ಯಂಡ್ ಕಾಲ್‌ನಲ್ಲಿ ಇರುತ್ತೇವೆ ಎಂದು ಇಂಗ್ಲಿಷಿನಲ್ಲಿ ಹೇಳಿ ಕೈಮುಗಿಯುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ‘ನಾ ಅದೇನಲ್ರಿ, ಯಾವಾಗರ ಕರೀರಿ’, ಅಂದರೆ ನಾನಿದ್ದೇನಲ್ಲ, ಯಾವಾಗಲಾದರೂ ಕರೆಯಿರಿ ಎನ್ನುವುದು ನಮ್ಮ ಕಡೆಯ ಸೌಜನ್ಯ. ಅದಕ್ಕೇ ಅವರು ಇಂಗ್ಲಿಷಿನ ಅಂಗಿ ತೊಡಿಸುತ್ತಾರೆ, ಅಷ್ಟೆ.

ಹೋದ ವರ್ಷ ಈ ಮಾತನ್ನು ಒಬ್ಬ ಬೆಳೆದ ಮನುಷ್ಯ ನನ್ನ ಮನೆಯ ಬಾಗಿಲಲ್ಲಿ ನಿಂತು ಹೇಳಿದರು. ಅವರನ್ನು ನಾನು ತಿದ್ದಲಿಲ್ಲ. ಅಂದಿನಿಂದ ಅವರ ಕಾರಿನ ಸದ್ದು ಓಣಿಯಲ್ಲಿ ಕೇಳಿದಾಗಲೆಲ್ಲ ಹಿಡಿದ ಪುಸ್ತಕ ಕೆಳಗಿಟ್ಟು ಬಾಗಿಲ ಕಡೆ ನೋಡುತ್ತಿದ್ದೆ. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬುದು ಒಂದರಲ್ಲೊಂದು ಕಲೆಯದಂತೆ ನೋಡಿಕೊಳ್ಳುತ್ತೇನೆ.

ನನ್ನ ಅವ್ವ ಹಳ್ಳಿಯಲ್ಲಿ ಸೂಲಗಿತ್ತಿಯಾಗಿದ್ದಳು. ಸವದತ್ತಿಯ ಸೀಮೆಯಲ್ಲಿ, ಯರಗಟ್ಟಿಯಿಂದ ಒಳಗೆ ಹೋದರೆ ನಮ್ಮೂರು. ನಮ್ಮದು ಬುದ್ಧನಿಗೆ ಕೈಮುಗಿಯುವ ಮನೆ. ಊರಿನವರು ನಮ್ಮ ಓಣಿಯನ್ನು ಕರೆಯುವುದು ಮಾತ್ರ ಈಗಲೂ ಹಳೆಯ ಹೆಸರಿನಿಂದಲೇ. ಅಪ್ಪ ತೀರಿಕೊಂಡ ಮೇಲೆ ಅವ್ವ ಬೈಲಹೊಂಗಲಕ್ಕೆ ಬಂದು ನನ್ನ ಜೊತೆ ಇದ್ದಾಳೆ. ನನ್ನ ಗಂಡನಿಗೆ ರಾಮದುರ್ಗದಲ್ಲಿ ನೌಕರಿ. ಶನಿವಾರ ಬಂದು ಸೋಮವಾರ ಹೋಗುತ್ತಾರೆ. ಸಕ್ಕರೆ ಕಾಯಿಲೆಯಿಂದ ಅವ್ವನ ದೃಷ್ಟಿ ಮಂಜಾಗುತ್ತ ಬಂದಿತ್ತು. ಬೆಳಗಾವಿಯ ಆಸ್ಪತ್ರೆಯಲ್ಲಿ ಕಣ್ಣಿಗೇ ಇಂಜೆಕ್ಷನ್ ಕೊಡುತ್ತಾರೆ. ಉಳಿದಷ್ಟಾದರೂ ಉಳಿಯಬೇಕೆಂದರೆ ಆಗಾಗ ತಪ್ಪದೆ ಹೋಗಬೇಕು.

ಒಂದು ದಿನ ಇಂಜೆಕ್ಷನ್ ಮುಗಿಸಿ, ಅವ್ವನ ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬೆಳಗಾವಿಯ ಬಸ್ ನಿಲ್ದಾಣದ ಹೊರಗೆ ನಿಂತಿದ್ದೆ. ಧೂಳು ಬೀಳದಿರಲೆಂದು ಅವಳ ಮುಖಕ್ಕೆ ಸೆರಗು ಹಿಡಿದಿದ್ದೆ. ಒಂದು ಬಿಳಿ ಕಾರು ಮುಂದೆ ಹೋದದ್ದು ಹಿಂದೆ ಬಂದು ನಿಂತಿತು. ಇಳಿದವರು ನಮ್ಮೂರ ಗೌಡರ ಮನೆಯವರು. ಆ ಮನೆಯಲ್ಲಿ ಅವಳಿ ಗಂಡುಮಕ್ಕಳು, ಇವರು ಹಿರಿಯವರು. ಇಬ್ಬರ ಹೆರಿಗೆಯನ್ನೂ ಮಾಡಿಸಿದ್ದು ನನ್ನ ಅವ್ವ. ಧಾರವಾಡದಲ್ಲಿ ಓದಿ ಬಂದು ಈಗ ಬೈಲಹೊಂಗಲದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾರೆ ಎಂದು ಕೇಳಿದ್ದೆ. ಒಂದೇ ಊರಿನಲ್ಲಿದ್ದರೂ ಅದುವರೆಗೆ ನಮ್ಮ ಮನೆಯ ಕಡೆ ಹಾಯ್ದವರಲ್ಲ.

“ಆಯಿ, ಗುರುತ ಸಿಕ್ತೇನ್ರಿ?” ಎಂದರು, ತಮ್ಮ ಮನೆಯ ಹಿರಿಯಳನ್ನು ಕರೆಯುವ ಹಾಗೆ.

ಅವ್ವ ದನಿಯಿಂದ ಗುರುತಿಸಿದಳು. ಕೂತಿದ್ದವಳು ಕಂಬ ಹಿಡಿದು ಎದ್ದು ನಿಂತಳು. ಕಾರಿನಲ್ಲಿ ಸೀಟಿನ ತುದಿಯಲ್ಲಿ ಕೂತು, ಕೆಳಗಿನ ಚಾಪೆ ಹೊಲಸಾದೀತೆಂದು ಕಾಲು ತುಸು ಎತ್ತಿ ಹಿಡಿದಿದ್ದಳು. ಬೈಲಹೊಂಗಲ ಬರುವವರೆಗೂ ಹಾಗೆಯೇ ಇದ್ದಳು.

ಅವರು ಮನೆಯೊಳಗೆ ಬಂದರು. ಚಹಾ ಕೊಟ್ಟೆ, ಕುಡಿದರು. ಇದನ್ನು ಬರೆಯಲು ಕಾರಣವಿದೆ. ಆ ಮನೆಯವರು ಯಾರೂ ನಮ್ಮ ಮನೆಯಲ್ಲಿ ನೀರೂ ಕುಡಿದವರಲ್ಲ. ಅವ್ವನಿಗೆ ಅಲ್ಲಿ ಚಹಾ ಹಾಕಿ ಕೊಡುತ್ತಿದ್ದ ಕಪ್ಪು-ಬಸಿ ದನದ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಬೇರೆಯೇ ಇರುತ್ತಿತ್ತು. ಕಾಲ ಬದಲಾಗಿದೆ, ಮನುಷ್ಯರೂ ಬದಲಾಗುತ್ತಾರೆ. ಅದನ್ನು ನಾನು ಒಪ್ಪುತ್ತೇನೆ. ಆದರೆ ಕಂಡದ್ದನ್ನು ಹೇಳಬೇಕು: ಚಹಾ ಕುದಿಯುವಷ್ಟು ಬಿಸಿಯಿತ್ತು, ಅವರು ಆರಿಸಿಕೊಳ್ಳದೆ, ನಡುವೆ ಮಾತಾಡದೆ, ಒಂದೇ ಸಮನೆ ಕುಡಿದು ಲೋಟ ಕೆಳಗಿಟ್ಟರು. ಹಿಡಿದ ಕೆಲಸವನ್ನು ಮುಗಿಸುವವರ ಹಾಗೆ.

ಹೊರಡುವಾಗ ಬಾಗಿಲಲ್ಲಿ ತಿರುಗಿ, “ಮೇಡಂ, ಐ ಯಾಮ್ ಆಲ್ವೇಸ್ ಅಟ್ ಯುವರ್ ಬೆಕ್ ಆ್ಯಂಡ್ ಕಾಲ್,” ಎಂದರು. ಅವ್ವನ ಕಡೆ ನೋಡಿ, “ಆಯಿ, ಇನ್ನ ಬಸ್ಸಿಗೆ ಹೋಗಬ್ಯಾಡ್ರಿ. ನಾ ಅದೇನಲ್ಲ,” ಎಂದರು.

ಶನಿವಾರ ಗಂಡ ಬಂದಾಗ ಇದೆಲ್ಲ ಹೇಳಿದೆ.

“ಯಾವ್ದರ ಇಲೆಕ್ಷನ್ ಬಂದಿರಬೇಕ ನೋಡು.”

“ಯಾವ ಇಲೆಕ್ಷನ್ನೂ ಇಲ್ಲ. ನಾ ನೋಡೇನಿ.”

“ಹಂಗಾರ ಇನ್ನೂ ಹುಷಾರಾಗಿರು,” ಎಂದರು.

ಸನ್ನೆ ಮತ್ತು ಕೂಗು, ಎರಡನ್ನೂ ನಾನು ಪುಸ್ತಕದಿಂದ ಕಲಿತವಳಲ್ಲ. ಹಿಂದಿನ ಗೌಡರು, ಅಂದರೆ ಈ ಅವಳಿಗಳ ತಂದೆ, ಕಟ್ಟೆಯ ಮೇಲೆ ಕೂತು ಎರಡು ಬೆರಳನ್ನು ಅಂಗೈ ಕಡೆಗೆ ಮಡಚಿದರೆ ಅಪ್ಪ ಕುಡುಗೋಲು ಅಲ್ಲೇ ಇಟ್ಟು ಹೋಗುತ್ತಿದ್ದ. ಕಣ್ಣಿಗೆ ಬೀಳದಷ್ಟು ದೂರವಿದ್ದರೆ ಆಳೊಬ್ಬ ನಮ್ಮ ಓಣಿಯ ಬಾಯಿಗೆ ಬಂದು ನಿಂತು ಕೂಗುತ್ತಿದ್ದ, ಒಳಗೆ ಕಾಲಿಡುತ್ತಿರಲಿಲ್ಲ. ಅವಳಿಗಳು ಹುಟ್ಟಿದ ದಿನವೂ ಹಾಗೇ ಆಯಿತು. ನಾನಾಗ ಹೈಸ್ಕೂಲಿನಲ್ಲಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೂಗು ಬಂತು. ಯಾರು, ಯಾಕೆ, ಎಷ್ಟು ಹೊತ್ತು ಎಂದು ಕೇಳಲಿಲ್ಲ. ಹಿಟ್ಟಿನ ಕೈ ತೊಳೆದುಕೊಂಡು ಹೊರಟೇಬಿಟ್ಟಳು. ಹಂಚಿನ ಮೇಲಿನ ರೊಟ್ಟಿಯನ್ನು ನಾನು ತಿರುವಿ ಹಾಕಿದೆ. ಸಂಜೆಯ ಹೊತ್ತಿಗೆ ಉಡಿಯಲ್ಲಿ ಜೋಳ, ಒಂದು ಕುಬಸದ ಖಣ ತಂದಳು. “ಎರಡೂ ಗಂಡು,” ಎಂದಷ್ಟೇ ಹೇಳಿ ಗೋಡೆಗೆ ಒರಗಿ ನಿದ್ದೆ ಹೋದಳು.

ಈಗ ಅದೇ ಮನೆಯ ಮಗ, ನೀವು ಕರೆಯಿರಿ, ನಾನು ಬರುತ್ತೇನೆ ಎನ್ನುತ್ತಿದ್ದರು. ಆ ಮಾತಿನ ಎರಡು ತುದಿಗಳು ಅದಲುಬದಲಾಗಿದ್ದವು. ಇದಕ್ಕೆ ನಾನು ಹಿಗ್ಗಬೇಕಿತ್ತು. ಹಿಗ್ಗಲಿಲ್ಲ. ಕರೆದಾಗ ಬರುವವರಿಗೆ ಬರದೆ ಇರುವ ಸ್ವಾತಂತ್ರ್ಯ ಇರುವುದಿಲ್ಲ. ಆ ಮಾತಿನ ತಿರುಳು ಅದು. ಇವರಿಗೆ ಬರದೆ ಇರುವ ಸ್ವಾತಂತ್ರ್ಯ ಪೂರ್ತಿ ಇತ್ತು. ಅದಿದ್ದೂ ತಾನಾಗಿ ಬಂದು ನಿಂತವರು ಯಾಕೆ ನಿಂತಿದ್ದಾರೆ ಎಂಬುದು ನನಗೆ ತಿಳಿಯಬೇಕಾಗಿತ್ತು.

ಆಸ್ಪತ್ರೆಯ ದಿನ ಹತ್ತಿರ ಬಂದಾಗಲೆಲ್ಲ ಅವರದೇ ಫೋನು. ನಾನು ಬೇಡವೆಂದರೆ ಅವ್ವನ ಕೈಗೆ ಕೊಡಿ ಎನ್ನುತ್ತಿದ್ದರು, ಅವ್ವ ಇಲ್ಲವೆನ್ನುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ನಾನು ಗಮನಿಸುತ್ತಿದ್ದೆ. ಡಾಕ್ಟರು ಕಣ್ಣಿನ ಬಗ್ಗೆ ಏನೆಂದರು ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಆದರೆ ಒಂದು ಸಲ, ಅವ್ವ ಒಳಗೆ ಇದ್ದಾಗ, ಕಾರಿಡಾರಿನಲ್ಲಿ ನನ್ನನ್ನು ಕೇಳಿದರು: “ಆಯಿಗೆ ನೆನಪು ಹೆಂಗದರಿ ಮೇಡಂ? ಹಳೇದೆಲ್ಲಾ ಖೂನ ಇಟ್ಟಾರಲ್ಲ?” ಇನ್ನೊಮ್ಮೆ, “ಊರ ಕಡಿಂದ ಯಾರರ ಬಂದು ಆಯಿನ್ನ ಮಾತಾಡಿಸಿದ್ರೇನು?” ಎಂದರು. ಇಲ್ಲವೆಂದೆ. ಬಿಗಿದಿದ್ದ ಅವರ ಭುಜ ಸಡಿಲಾದದ್ದನ್ನು ಕಂಡೆ.

ಕಾರಣ ಗೊತ್ತಾದದ್ದು ಯರಗಟ್ಟಿಯಲ್ಲಿ, ಒಂದು ಮದುವೆಯ ಮನೆಯಲ್ಲಿ. ನಮ್ಮೂರಿನ ಬಳೆಗಾರತಿ ಹೆಣ್ಣುಮಕ್ಕಳಿಗೆ ಬಳೆ ತೊಡಿಸುತ್ತ ಕೂತಿದ್ದಳು. ನನ್ನ ಕೈ ಹಿಡಿದು ಹಿಸುಕುತ್ತಲೇ ಶುರು ಮಾಡಿದಳು.

“ಏನವಾ ಟೀಚರವ್ವಾ, ನಿಮ್ಮವ್ವ ಈಗ ಬರೇ ಕಾರಿನ್ಯಾಗ ಅಡ್ಡಾಡತಾಳಂತ?”

“ದವಾಖಾನಿಗೆ ಹೋಗಿರತೇವಿ.”

“ಹೋಗ್ರಿ, ಹೋಗ್ರಿ. ಕಾರ ಹುಣ್ಣಿಮಿ ಮಟಾ ಹೋಗ್ರಿ. ಆಮ್ಯಾಲ ಆ ಕಾರಿಗೆ ಡೀಜಲ್ ಸಿಗೂದಿಲ್ಲ.”

ಸುತ್ತ ಇದ್ದವರು ನಕ್ಕರು. ನಾನು ಬಿಡಿಸಿ ಹೇಳೆಂದೆ. ಅವಳು ಹೇಳಿದ್ದನ್ನು ನಾನಿಲ್ಲಿ ಸ್ವಲ್ಪ ವಿವರಿಸಬೇಕು. ಕಾರ ಹುಣ್ಣಿಮೆಯ ಸಂಜೆ ನಮ್ಮೂರಲ್ಲಿ ಎತ್ತುಗಳನ್ನು ಸಿಂಗರಿಸಿ ಓಡಿಸುತ್ತಾರೆ. ಊರ ಹೆಬ್ಬಾಗಿಲಾದ ಅಗಸಿಗೆ ಬೇವಿನ ತೊಪ್ಪಲು, ಕೊಬ್ಬರಿ ಪೋಣಿಸಿದ ಹಗ್ಗವನ್ನು ಅಡ್ಡ ಕಟ್ಟಿರುತ್ತಾರೆ. ಎತ್ತುಗಳು ಅದನ್ನು ಹರಿದುಕೊಂಡು ಊರೊಳಗೆ ನುಗ್ಗಬೇಕು. ಇದನ್ನೇ ಕರಿ ಹರಿಯುವುದು ಎನ್ನುತ್ತಾರೆ. ಮೊದಲು ನುಗ್ಗುವ ಜೋಡಿ ಗೌಡರ ಮನೆಯ ಹಿರಿಯನದು. ಅದು ಆ ಮನೆಯ ಮಾನ. ತಂದೆ ಇರುವವರೆಗೆ ಅವರೇ ಎತ್ತು ಹಿಡಿದು ನಿಲ್ಲುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವಳಿಗಳು ಹೊಲ, ಮನೆ ಎಲ್ಲವನ್ನೂ ಸರಿಯಾಗಿ ಪಾಲು ಮಾಡಿಕೊಂಡರು. ಮಾನವನ್ನು ಪಾಲು ಮಾಡಲು ಬರುವುದಿಲ್ಲ. ಮೊದಲು ಹುಟ್ಟಿದವನಿಗೆ ಮಾತ್ರ ಅದು. ಚಿಕ್ಕಂದಿನಿಂದ ಒಬ್ಬರನ್ನು ಹಿರಿಯ, ಇನ್ನೊಬ್ಬರನ್ನು ಕಿರಿಯ ಎಂದೇ ಕರೆದಿದ್ದಾರೆ. ಹಾಗೆ ಹೇಳಿದ್ದು ಅವರ ಅಜ್ಜಿ. ಆದರೆ ಕಿರಿಯವರು ಈಗ ಬೇರೆ ಹೇಳುತ್ತಿದ್ದಾರೆ: ಅಜ್ಜಿ ಸಾಯುವ ಮುಂಚೆ ತನ್ನನ್ನು ಹತ್ತಿರ ಕರೆದು, ಮೊದಲು ಬಂದವನು ನೀನೇ, ನಾನೇ ಎಡವಟ್ಟು ಮಾಡಿದೆ ಎಂದಿದ್ದಳಂತೆ. ಅಜ್ಜಿ ಇಲ್ಲ. ಹೆರಿಗೆಯ ಕೋಣೆಯಲ್ಲಿ ಮತ್ತೊಬ್ಬರಿದ್ದದ್ದು ಸೂಲಗಿತ್ತಿ.

“ಊರಿನ ಎತ್ತೆಲ್ಲಾ ಈಗ ನಿಮ್ಮವ್ವನ ಬಾಯಾಗ ಅದಾವ ನೋಡು,” ಎಂದು ಬಳೆಗಾರತಿ ಕೊನೆಯ ಬಳೆ ತೂರಿಸಿದಳು.

ಮನೆಗೆ ಬಂದು ಅವ್ವನನ್ನು ಕೂರಿಸಿಕೊಂಡು ಕೇಳಿದೆ. ಅವಳಿಗೆ ಕಾರಣ ಗೊತ್ತಿತ್ತು. ಮೊದಲ ದಿನವೇ, ಕಾರಿನಲ್ಲೇ, ಗೊತ್ತಾಯಿತಂತೆ.

“ಹೆಂಗ?”

“ಆಯಿ ಅಂದ್ರಲ್ಲ. ಆ ಮನ್ಯಾಗ ನನ್ನ ಹಂಗ ಯಾರ ಕರದಿದ್ರು? ದೊಡ್ಡ ಗೌಡ್ರು ಹ್ವಾದ ಮ್ಯಾಲ ನನ್ನ ಕಡಿಂದ ಅವರಿಗೆ ಬೇಕಾದ್ದು ಅದೊಂದ.”

“ಮತ್ತ ನಂಗ ಯಾಕ ಹೇಳಲಿಲ್ಲ?”

“ನೀ ಬೈತಿದ್ದಿ.”

ಯಾರು ಮೊದಲು ಬಂದದ್ದು ಎಂದು ಕೇಳಿದೆ. ಅವ್ವ ಹೇಳಿದಳು. ಮೊದಲ ಕೂಸನ್ನು ಹಿಡಿದು ಅಜ್ಜಿಯ ಕೈಗೆ ಕೊಟ್ಟಳು. ಅದರ ಹಿಂದೆಯೇ ಎರಡನೆಯದು ಬಂತು, ಅದನ್ನೂ ಕೊಟ್ಟಳು. ಆಮೇಲೆ ಬಾಣಂತಿಗೆ ರಕ್ತ ನಿಲ್ಲಲಿಲ್ಲ. ಅವ್ವ ಕೂಸುಗಳಿಗೆ ಬೆನ್ನು ಮಾಡಿ ಆಕೆಯ ಹೊಟ್ಟೆ ಒತ್ತುತ್ತ ಕೂತಳು. ರಕ್ತ ನಿಂತು, ಆಕೆ ಕಣ್ಣು ಬಿಟ್ಟು, ಇವಳು ತಿರುಗಿ ನೋಡುವಷ್ಟರಲ್ಲಿ ಎರಡೂ ಕೂಸುಗಳು ಒಂದೇ ಕೌದಿಯ ಮೇಲೆ, ಒಂದೇ ತರಹದ ಅರಿವೆಯಲ್ಲಿ ಮಲಗಿದ್ದವು.

“ಯಾವ್ದು ಯಾವ್ದಂತ ನಂಗ ಹೆಂಗ ತಿಳೀಬೇಕ?”

“ಅವರು ಕೇಳಿದ್ರ ಹಿಂಗ ಹೇಳ್ತಿ?”

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಕಾರಿನ್ಯಾಗ ಕುಂತೇನಲ್ಲ,” ಎಂದಳು.

ನನಗೆ ಭಯವಾದದ್ದು ಆಗ. ಅದುವರೆಗಿನ ಅನುಮಾನವೆಲ್ಲ ಹೊರಗಿನವರ ಮೇಲಿತ್ತು. ಈಗ ಅದು ಒಳಗೆ ಬಂದು ಕೂತಿತು. ಅವ್ವ ಸುಳ್ಳು ಹೇಳುವವಳಲ್ಲ. ಆದರೆ ಕರೆದಾಗ ಇಲ್ಲವೆಂದವಳೂ ಅಲ್ಲ. ಒಂದು ಲೋಟ ನೀರಿನ ಹಂಗನ್ನೂ ತೀರಿಸದೆ ಮಲಗದವಳು, ಇಷ್ಟು ಸಲ ಕಾರು ಹತ್ತಿ ಇಳಿದಿದ್ದಳು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ನಾಲ್ಕು ಜನರ ಮುಂದೆ ಅವಳ ಬಾಯಿಂದ ಹೊರಡಿಸಿಬಿಟ್ಟರೆ, ಅವಳು ಹೆರಿಗೆ ಮಾಡಿಸಿದ ಎಲ್ಲ ಮನೆಗಳಲ್ಲಿ ಅವಳ ಹೆಸರಿಗಿದ್ದ ಬೆಲೆ ಹೋಗುತ್ತದೆ. ಸೂಲಗಿತ್ತಿಯ ಬಳಿ ಮಾತು ಬಿಟ್ಟರೆ ಮತ್ತೇನಿರುತ್ತದೆ? ಯಾರ ಕೂಸು ಯಾವಾಗ ಹುಟ್ಟಿತು ಎಂಬುದಕ್ಕೆ ಊರು ನಂಬಿದ್ದು ಅವಳ ಬಾಯನ್ನೇ.

ಮುಂದಿನ ಸಲ ಬೆಳಗಾವಿಗೆ ಹೋಗುವಾಗ ಹಿರಿಯವರು ಮೊದಲ ಬಾರಿಗೆ ವಿಷಯ ತೆಗೆದರು. ಬಹಳ ಮೆತ್ತಗೆ ತೆಗೆದರು.

“ಆಯಿ, ನಮ್ಮ ಸೋದರಮಾವ ಮನ್ಯಾಗ ಹಿರ್‍ಯಾರನ್ನ ಕೂಡಿಸಾಕತ್ತಾರ. ನಿಮ್ಮನ್ನೂ ಕರಸ್ತಾರ. ನೀವೇನ್ ಕತಿ ಹೇಳೂದು ಬ್ಯಾಡ. ಹಿರ್‍ಯಾಂವ ಇಂವನ ಹೌದಿಲ್ಲೋ ಅಂತಾರ. ಹೌದು ಅಂದ್ರ ಮುಗೀತು.”

ಅವ್ವ ಕಿಟಕಿಯ ಕಡೆ ಮುಖ ಮಾಡಿದ್ದಳು. ಅವಳಿಗೆ ಕಿಟಕಿಯಾಚೆ ಏನೂ ಕಾಣುವುದಿಲ್ಲ.

“ನಾ ಏನ್ ಸುಳ್ಳ ಹೇಳ್ರಿ ಅನ್ನಾಕತ್ತಿಲ್ಲ ಮೇಡಂ,” ಎಂದು ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. “ಹುಟ್ಟಿದಾಗಿಂದ ಊರೆಲ್ಲಾ ಅಂದದ್ದನ್ನ ಅನ್ರಿ ಅಂತೇನಿ.”

“ಊರು ಅಂದದ್ದನ್ನ ಊರೇ ಅನ್ನಲಿ. ಅವ್ವ ಯಾಕ ಬೇಕು?” ಎಂದೆ.

ನ್ಯಾಯವಾಗಿ ಹೇಳಬೇಕೆಂದರೆ, ಅಂದೂ ಅವರು ಅವ್ವನ ಕೈಹಿಡಿದೇ ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದರು. ಅವರು ಕೆಟ್ಟವರೆಂದು ನಾನು ಇಂದಿಗೂ ಹೇಳಲಾರೆ. ತನ್ನದೆಂದು ನಂಬಿದ್ದನ್ನು ಕಳೆದುಕೊಳ್ಳುವ ಭಯ ಅವರಿಗಿತ್ತು. ಬೇಕಾಗಿದ್ದದ್ದು ಒಂದು ‘ಹೌದು’. ಅದಕ್ಕಾಗಿ ಅವರು ತಮ್ಮನ್ನೇ ನಮ್ಮ ಕೈಗೆ ಕೊಟ್ಟಿದ್ದರು.

ಊರ ಹಿರಿಯರು ಸೇರುವ ದಿನ ಬೆಳಿಗ್ಗೆ ಓಣಿಯ ಬಾಯಲ್ಲಿ ಎರಡು ಕಾರು ನಿಂತಿದ್ದವು. ಒಂದು ಬಿಳಿಯದು, ಅಂದು ಅದನ್ನು ತಂದವನು ಡ್ರೈವರು. ಇನ್ನೊಂದು ಕಿತ್ತೂರಿನಲ್ಲಿ ಇರುವ ಕಿರಿಯವರು ಕಳಿಸಿದ್ದು. ಅದರ ಡ್ರೈವರು ನಮ್ಮ ಬಾಗಿಲಿಗೇ ಬಂದು, “ಸಣ್ಣ ಗೌಡ್ರು ಅಂದಾರ್ರಿ, ಅವ್ವಾರು ಯಾವಾಗ ಕರದ್ರೂ ಗಾಡಿ ತಯಾರ್ ಐತಿ ಅಂತ,” ಎಂದ. ಬಿಳಿ ಕಾರಿನ ಡ್ರೈವರು ಅವನನ್ನು ನೋಡಿ ಹಲ್ಲು ಕಿರಿದ.

“ಎಲ್ಲಿದ್ದ್ಯೋ ಇಷ್ಟ ದಿನಾ?”

“ಟಾಯರ್ ಪಂಚರ್ ಆಗಿತ್ತಪಾ.”

ಅವ್ವ ಒಳಗಿನಿಂದಲೇ ಕೇಳಿ, ನನ್ನ ತೋಳು ಹಿಡಿದು ಹೊರಬಂದಳು. ಹೋಗುವುದು ಬೇಡ ಎಂದು ನಾನು ಹಿಂದಿನ ದಿನದಿಂದ ಹೇಳುತ್ತಲೇ ಇದ್ದೆ. “ಕರದಾರ, ಹೋಗಬೇಕ,” ಎಂದು ಅವಳೂ ಹೇಳುತ್ತಲೇ ಇದ್ದಳು. ಕಾರುಗಳ ಹತ್ತಿರ ಬಂದಾಗ ಅವಳು ನಿಲ್ಲಲಿಲ್ಲ. ಬಸ್ ನಿಲ್ದಾಣಕ್ಕೆ ನಡೆದೆವು. ಯರಗಟ್ಟಿಯವರೆಗೆ ಬಸ್ಸು, ಅಲ್ಲಿಂದ ಊರಿಗೆ ಟಂಟಂ ರಿಕ್ಷಾ. ಟಂಟಂನಲ್ಲಿ ಮೇವಿನ ಹೊರೆಗಳ ನಡುವೆ ಕೂತು ಅವ್ವ ಕಾಲು ಚಾಚಿದಳು. ಅವಳೇನು ಹೇಳುತ್ತಾಳೆಂದು ನಾನು ಕೇಳಲಿಲ್ಲ. ಕೇಳಿದರೆ ನಾನೂ ಅವಳಿಂದ ಒಂದು ಉತ್ತರ ಹೊರಡಿಸಲು ಕೂತವರಲ್ಲಿ ಒಬ್ಬಳಾಗುತ್ತಿದ್ದೆ.

ಗೌಡರ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಊರ ಹಿರಿಯರು ಗೋಡೆಗೆ ಒರಗಿ ಕೂತಿದ್ದರು. ನಡುವೆ ಅವಳಿಗಳ ಸೋದರಮಾವ. ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ನೋಡದ ಹಾಗೆ ಎರಡು ಕಂಬಗಳಿಗೆ ಆನಿಕೊಂಡಿದ್ದರು. ಒಳಮನೆಯ ಬಾಗಿಲ ಹಿಂದೆ ಒಂದು ಬಿಳಿ ಸೀರೆಯ ಅಂಚು ಕಾಣುತ್ತಿತ್ತು. ಅದು ಅವರ ತಾಯಿ. ಅವ್ವ ಹೊಸ್ತಿಲು ದಾಟಿ, ಜಮಖಾನೆ ಶುರುವಾಗುವ ಮೊದಲೇ ನೆಲದ ಮೇಲೆ ಕೂತಳು.

ಸೋದರಮಾವ ಅವ್ವನ ಕಡೆ ನೋಡಿ ಎರಡು ಬೆರಳನ್ನು ಅಂಗೈ ಕಡೆಗೆ ಮಡಚಿದರು. ಮುಂದೆ ಬಾ ಎಂದು.

ಅವ್ವ ಅಲುಗಲಿಲ್ಲ. ಅವಳಿಗೆ ಅದು ಕಾಣಲಿಲ್ಲ. ಅವರು ಮತ್ತೊಮ್ಮೆ ಮಡಚಿದರು. ನಾನು ಪಕ್ಕದಲ್ಲೇ ಇದ್ದೆ, ನೋಡಿದೆ, ಅವಳಿಗೆ ಹೇಳಲಿಲ್ಲ. ಪಡಸಾಲೆಯಲ್ಲಿ ಎಲ್ಲರೂ ಆ ಬೆರಳುಗಳನ್ನೇ ನೋಡುತ್ತಿದ್ದರು. ಈಗ ಅವರು ಬಾಯಿಬಿಟ್ಟು ಕರೆಯಲೇಬೇಕಿತ್ತು. ಏನೆಂದು ಕರೆಯಬೇಕು ಎಂಬುದು ಅವರಿಗೆ ಕೂಡಲೇ ತೋಚಲಿಲ್ಲವೆಂದು ನನ್ನ ಊಹೆ. ಗಂಟಲು ಸರಿ ಮಾಡಿಕೊಂಡರು.

“ಯವ್ವಾ, ಸ್ವಲ್ಪ ಮುಂದ ಬರ್ರಿ,” ಎಂದರು.

ಅವ್ವ ಜಮಖಾನೆಯ ಮೇಲೆ ಸರಿದು ಕೂತಳು.

“ಇವರಿಬ್ಬರೊಳಗ ಮೊದಲ ಯಾರು ಹುಟ್ಟಿದ್ರು, ನಿಮಗ ಗೊತ್ತೈತಿ. ದೇವರ ಮ್ಯಾಲ ಭಾರಾ ಹಾಕಿ ಹೇಳ್ರಿ.”

“ನಂಗ ಗೊತ್ತಿಲ್ರಿ.”

ಯಾರೋ ಲೊಚಗುಟ್ಟಿದರು. ಸೋದರಮಾವ ಮುಂದೆ ಬಾಗಿದರು. “ನಿಮ್ಮ ಕೈಯಾಗ ಹುಟ್ಟ್ಯಾರ. ನಿಮಗಲ್ಲದ ಯಾರಿಗೆ ಗೊತ್ತು? ಅಂಜಬ್ಯಾಡ್ರಿ.”

“ಅಂಜಿಕಿ ಅಲ್ರಿ. ಎರಡೂ ಕೂಸು ದೊಡ್ಡ ಅಮ್ಮಾರ ಕೈಗೆ ಕೊಟ್ಟೆ. ಹಡದಾಕಿಗೆ ರಗತ ಹೊಂಟಿತ್ತು. ಕೂಸುಗೋಳು ಅಳಾಕತ್ತಿದ್ದೂವು. ಅಳೂ ಕೂಸು ಬದುಕತೈತಿ. ಅಳಲಾರದ ಬಿದ್ದಾಕಿನ್ನ ನಾ ನೋಡಾಕತ್ತಿದ್ನಿ. ತಿರುಗಿ ನೋಡಿದ್ರ ಎರಡೂ ಒಂದ ನಮೂನಿ. ಅಮ್ಮಾರು ಇಂವ ದೊಡ್ಡಾಂವ ಅಂದ್ರು, ಹೂಂ ಅಂದೆ. ಇಂವಲ್ಲ ಅಂವ ಅಂದಿದ್ರ ಅದಕ್ಕೂ ಹೂಂ ಅಂತಿದ್ನಿ.”

ಅವಳ ದನಿ ಜೋರಾಗಲಿಲ್ಲ, ಸಣ್ಣದೂ ಆಗಲಿಲ್ಲ. ಹಂಗಿನ ಬಗ್ಗೆ ನಾನು ಪಟ್ಟ ಭಯವೆಲ್ಲ ಆ ಹೊತ್ತಿನಲ್ಲಿ ಇಳಿಯಿತು. ಆದರೆ ಉಳಿದವರ ಅನುಮಾನ ಆಗ ಶುರುವಾಯಿತು. ನಿಜ ಹೇಳಿದರೆ ಎಲ್ಲರೂ ನಂಬುತ್ತಾರೆ ಎಂದು ನಾನು ಯಾಕೆ ತಿಳಿದಿದ್ದೆನೋ.

“ಇವರ ಕಾರಿನ್ಯಾಗ ಮೆರದಾಕಿ ಮತ್ತೇನ್ ಅಂದಾಳು,” ಎಂದರು ಕಿರಿಯವರು. “ನನ್ನ ಹೆಸರ ಬಾಯಾಗ ಬಂದಿತ್ತು, ನುಂಗಿದಳು.”

ಹಿರಿಯವರು ಅವ್ವನನ್ನು ನೋಡಲಿಲ್ಲ. ನನ್ನನ್ನು ನೋಡಿದರು. “ಮೇಡಂ, ಅವರ ಕಾರು ನಿಮ್ಮ ಮನಿ ಮುಂದ ಯಾವಾಗಿಂದ ಬರಾಕತ್ತಿತು?”

“ಇವತ್ತ ಬಂದಿತ್ತು. ನಾವು ಹತ್ತಲಿಲ್ಲ.”

“ಹತ್ತಲಿಲ್ಲ,” ಎಂದು ಅವರು ಹೇಳಿಕೊಂಡು ನಕ್ಕರು.

ಇಬ್ಬರೂ ಅವ್ವನನ್ನು ನಂಬಲಿಲ್ಲ. ಎರಡು ವಿರುದ್ಧ ಕಾರಣಗಳಿಂದ ನಂಬಲಿಲ್ಲ. ಊರ ಹಿರಿಯರು ಗುಸುಗುಸು ಮಾತಾಡಿ, ಈ ವರ್ಷ ಗೌಡರ ಮನೆಯ ಎತ್ತು ಅಗಸಿಗೆ ಬರುವುದೇ ಬೇಡ, ಬೇರೆ ಮನೆಯವರು ಕರಿ ಹರಿಯಲಿ ಎಂದು ತೀರ್ಮಾನಿಸಿದರು. ನಾವು ಎದ್ದು ಹೊರಬಂದೆವು. ಹಿಂದೆ ಯಾರೂ ಬರಲಿಲ್ಲ. ಟಂಟಂ ಸಿಗುವವರೆಗೆ ಬಿಸಿಲಿನಲ್ಲಿ ಬಹಳ ಹೊತ್ತು ನಿಂತೆವು. ಆ ದಾರಿಯಲ್ಲೇ ಬಿಳಿ ಕಾರು ಹಾಯ್ದು ಹೋಯಿತು. ಅವ್ವ ಸದ್ದು ಕೇಳಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಅಂದಿನಿಂದ ಫೋನೂ ಇಲ್ಲ, ಕಾರೂ ಇಲ್ಲ. ಬೆಳಗಾವಿಗೆ ಬಸ್ಸಿನಲ್ಲಿ ಹೋಗುತ್ತಿದ್ದೇವೆ. ಪಟ್ಟಿ ಕಟ್ಟಿದ ಕಣ್ಣಿಗೆ ಧೂಳು ತಾಗದಂತೆ ಕಿಟಕಿಯಿಂದ ದೂರದ ಸೀಟು ಹುಡುಕಬೇಕು. ಬಳೆಗಾರತಿ ಊರಿನಿಂದ ಸುದ್ದಿ ಕಳಿಸಿದಳು: ಅವ್ವ ಎರಡೂ ಕಡೆಯಿಂದ ತಿಂದು ಬಾಯಿ ಮುಚ್ಚಿಕೊಂಡಳು ಎಂದು ಮಾತಾಗಿದೆಯಂತೆ. ಅವ್ವನಿಗೆ ನಾನು ಅದನ್ನು ಹೇಳಲಿಲ್ಲ. ಅವಳಿಗೆ ಗೊತ್ತಿಲ್ಲ ಎಂದೂ ಹೇಳಲಾರೆ.

ಕಾರ ಹುಣ್ಣಿಮೆ ಕಳೆದ ಮೇಲೆ ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ವಯಸ್ಸಾದ ಹೆಂಗಸಿನ ದನಿ. ಮಾತಾಡುತ್ತಿರುವವರ ಹತ್ತಿರ ಯಾರಾದರೂ ಇದ್ದಾರೇನೋ ಎಂಬಂತೆ ಬಹಳ ಸಣ್ಣಗೆ ಇತ್ತು.

“ಸೂಲಗಿತ್ತೆವ್ವನ ಮಗಳೇನವಾ? ನಾ ಗೌಡ್ರ ಮನಿಯಾಕಿ. ಹುಡುಗೂರ ಅವ್ವ.”

ನಾನು ಎಚ್ಚರವಾದೆ. ಮುಂದಿನ ಮಾತು ಏನಿರಬಹುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮತ್ತೊಂದು ಕಾರು. ಮತ್ತೊಂದು ಸಭೆ.

“ನಿಮ್ಮವ್ವ ಅಂದದ್ದು ಒಳಗ ನಿಂತು ಕೇಳಿದೆ. ಖರೇನ ಅಂದಾಳ. ಯಾರು ಮೊದಲಂತ ನನಗೂ ಗೊತ್ತಿಲ್ಲವಾ. ನನಗ ಎಚ್ಚರಾನ ಇದ್ದಿದ್ದಿಲ್ಲ. ಎಚ್ಚರಾದಾಗ ಆಕಿ ಕೈ ನನ್ನ ಹೊಟ್ಟಿ ಮ್ಯಾಲಿತ್ತು. ಆಕಿ ಕಣ್ಣು ಈಗ ಹೆಂಗದಾವು?”

ಸ್ವಲ್ಪ ಕಾಣುತ್ತದೆ, ಇನ್ನೂ ಇಂಜೆಕ್ಷನ್ ಇದೆ ಎಂದೆ. “ಹೂಂ,” ಎಂದರು. ನಾನು ಕಾದೆ. ಏನಾದರೂ ಬೇಕಾದರೆ ಕರೀರಿ, ನಾ ಅದೇನಿ ಎಂದು ಅವರು ಅನ್ನಲಿಲ್ಲ. ಏನನ್ನೂ ಬೇಡಲಿಲ್ಲ. ಫೋನು ಇಟ್ಟರು.

ಇಷ್ಟೇನಾ ಎಂದು ನಾನು ಫೋನನ್ನೇ ನೋಡುತ್ತ ಕೂತೆ. ಯಾಕೆ ಮಾಡಿದರು, ಯಾರು ಮಾಡಿಸಿದರು, ಇದರ ಹಿಂದೆ ಏನಿದೆ. ಆಮೇಲೆ ಅವ್ವನ ಹತ್ತಿರ ಹೋಗಿ ಒಂದೊಂದು ಮಾತನ್ನೂ ಹೇಳಿದೆ. ಅವಳು ಕೇಳಿಸಿಕೊಂಡಳು.

“ಇದನ್ನ ಅವತ್ತ ಪಡಸಾಲ್ಯಾಗ ಹೊರಗ ಬಂದು ಅನ್ನಬೇಕಿತ್ತಿಲ್ಲ?” ಎಂದೆ. “ಈಗ ಯಾಕ ಫೋನ್ ಮಾಡಿ ಹೇಳಬೇಕ?”

“ಅವತ್ತ ಆಕಿನ್ನ ಯಾರು ಕೇಳಿದ್ರು?” ಎಂದಳು ಅವ್ವ. ಕಣ್ಣಿಗೆ ಔಷಧ ಹಾಕುವ ಹೊತ್ತಾಗಿತ್ತು. ಮುಖ ಮೇಲೆತ್ತಿ ಕೂತಳು.